ಆರು ತಿಂಗಳಿಂದ ಮೂರು ವರ್ಷದವರೆಗೆ ಮಗು ಎಲ್ಲಿರಬೇಕು?

ಸಂಬಳಕ್ಕೆ ದುಡಿಯುವ ತಾಯಿಗೆ ನಮ್ಮ ಕಾನೂನು ಕೊಡುವ ಹೆರಿಗೆ ರಜೆ 26 ವಾರ. 2017ಕ್ಕೆ ಮೊದಲು ಅದು 12 ವಾರವಷ್ಟೇ ಇತ್ತು, ಆದ್ದರಿಂದ ಇದು ದೊಡ್ಡ ಹೆಜ್ಜೆಯೇ. ಇನ್ನೊಂದು ತುದಿಯಲ್ಲಿ ಅಂಗನವಾಡಿ ಇದೆ. ಅಲ್ಲಿ ಮಗುವನ್ನು ಕೂರಿಸಿಕೊಂಡು, ಊಟ ಹಾಕಿ, ಹಾಡು ಹೇಳಿಕೊಡುವುದು ಅದಕ್ಕೆ ಮೂರು ವರ್ಷ ತುಂಬಿದ ಮೇಲೆ. ಅದಕ್ಕಿಂತ ಚಿಕ್ಕ ಮಕ್ಕಳ ಪಾಲಿನ ಪೌಷ್ಟಿಕ ಆಹಾರವನ್ನು ತಾಯಂದಿರು ಮನೆಗೆ ಒಯ್ಯುತ್ತಾರೆ. ರಜೆ ಮುಗಿದ ದಿನದಿಂದ ಅಂಗನವಾಡಿಯ ಬಾಗಿಲು ತೆರೆಯುವವರೆಗೆ ಉಳಿಯುವುದು ಎರಡೂವರೆ ವರ್ಷ. ಆ ಎರಡೂವರೆ ವರ್ಷ ಮಗು ಯಾರ ಕೈಯಲ್ಲಿರಬೇಕು, ಅದಕ್ಕೆ ತಗಲುವ ಹಣ ಯಾರಿಂದ ಬರಬೇಕು ಎಂದು ಕೇಳಿದರೆ, ಬಹುಪಾಲು ಕುಟುಂಬಗಳಿಗೆ ಸಿಗುವ ಉತ್ತರ ಒಂದೇ: ನಿಮ್ಮ ಮನೆಯವರು ನೋಡಿಕೊಳ್ಳಲಿ.

ನಾನು ಬೆಂಗಳೂರಿನ ಒಂದು ಸಣ್ಣ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮಲ್ಲಿರುವವರು ಹತ್ತು ಹದಿನೈದು ಜನ. ಮಗನಿಗೆ ಏಳನೇ ತಿಂಗಳು ನಡೆಯುತ್ತಿರುವಾಗ ಮನೆಯ ಹತ್ತಿರದ ಡೇ ಕೇರ್‌ಗೆ ಸೇರಿಸಿದೆವು. ಮನೆ ಬಾಡಿಗೆಯ ನಂತರ ಅದೇ ನಮ್ಮ ದೊಡ್ಡ ಖರ್ಚಾಯಿತು. ಸಂಜೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೆ ತಡವಾದದ್ದಕ್ಕೆ ಬೇರೆ ಹಣ. ಮನೆಯಲ್ಲಿ ಲೆಕ್ಕ ಹಾಕಲು ಕೂತಾಗಲೆಲ್ಲ ನಾನು ಗಮನಿಸಿದ ಸಂಗತಿಯೊಂದಿದೆ. ಬಾಡಿಗೆ, ದಿನಸಿ, ಬೈಕಿನ ಕಂತು ಎಲ್ಲವನ್ನೂ ಇಬ್ಬರ ಸಂಬಳ ಸೇರಿಸಿದ ಮೊತ್ತದಿಂದ ಕಳೆಯುತ್ತಿದ್ದೆವು. ಡೇ ಕೇರ್ ಶುಲ್ಕವನ್ನು ಮಾತ್ರ ನನ್ನ ಸಂಬಳದಿಂದ ಕಳೆದು ನೋಡುತ್ತಿದ್ದೆವು. ಗೆಳತಿಯರನ್ನು ಕೇಳಿದರೆ ಅವರ ಮನೆಗಳಲ್ಲೂ ಅದೇ ಲೆಕ್ಕ. ಹಾಗೆ ಕಳೆದಾಗ ತಾಯಿಯ ಕೈಯಲ್ಲಿ ಉಳಿಯುವುದು ಎಷ್ಟು ಕಡಿಮೆ ಎನಿಸುತ್ತದೆಯೆಂದರೆ, "ಇಷ್ಟಕ್ಕೆ ಯಾಕೆ ಓಡಾಡುತ್ತೀಯ, ಎರಡು ವರ್ಷ ಮನೆಯಲ್ಲೇ ಇರು" ಎಂಬ ಮಾತು ತಾನಾಗಿ ಬರುತ್ತದೆ. ಆ ಮಾತಾಡುವವರು ಕೆಟ್ಟವರಲ್ಲ. ಎರಡು ವರ್ಷ ಬಿಟ್ಟವಳಿಗೆ ಮತ್ತೆ ಅದೇ ಕುರ್ಚಿ, ಅದೇ ಸಂಬಳ, ಅಷ್ಟೇ ಭವಿಷ್ಯನಿಧಿ ಸಿಗುವುದಿಲ್ಲ ಎಂಬುದು ಆ ತಿಂಗಳ ಲೆಕ್ಕದಲ್ಲಿ ಕಾಣುವುದಿಲ್ಲ, ಅಷ್ಟೆ.

ಏಪ್ರಿಲ್ ಜುಲೈಗಳಲ್ಲಿ ನಮ್ಮ ಕಚೇರಿಗೆ ಬರುವ ಎಳೆಯ ತಂದೆತಾಯಂದಿರು ಡೇ ಕೇರ್ ರಸೀದಿ ಹಿಡಿದುಕೊಂಡು ಇದಕ್ಕೆ ತೆರಿಗೆಯಲ್ಲಿ ಏನಾದರೂ ಸಿಗುತ್ತದೆಯೇ ಎಂದು ಕೇಳುತ್ತಾರೆ. ಹಳೆಯ ತೆರಿಗೆ ಪದ್ಧತಿಯಲ್ಲಿ 80ಸಿ ಕಲಮಿನ ₹1.5 ಲಕ್ಷದೊಳಗೆ ಇಬ್ಬರು ಮಕ್ಕಳ ಬೋಧನಾ ಶುಲ್ಕಕ್ಕೆ ವಿನಾಯಿತಿ ಇತ್ತು. ಪ್ಲೇ ಸ್ಕೂಲ್ ಮತ್ತು ನರ್ಸರಿಯ ಬೋಧನಾ ಶುಲ್ಕವೂ ಅದರಲ್ಲಿ ಸೇರುತ್ತಿತ್ತು. ಆದರೆ ಎಂಟು ತಿಂಗಳ ಕೂಸಿಗೆ ಯಾರೂ ಬೋಧನೆ ಮಾಡುವುದಿಲ್ಲ. ಅದನ್ನು ತೊಳೆಸಿ, ತೂಗಿ, ಗಂಜಿ ಉಣ್ಣಿಸಿ, ಬಿದ್ದರೆ ಎತ್ತಿಕೊಳ್ಳುತ್ತಾರೆ. ಆ ಕೆಲಸಕ್ಕೆ ಕೊಟ್ಟ ಹಣ ಬೋಧನಾ ಶುಲ್ಕವಾಗುವುದಿಲ್ಲ. ಸಂಬಳದಲ್ಲಿ ಬರುವ ಮಕ್ಕಳ ಶಿಕ್ಷಣ ಭತ್ಯೆಯ ಮೇಲೆ ದಶಕಗಳ ಕಾಲ ಇದ್ದ ವಿನಾಯಿತಿ ತಿಂಗಳಿಗೆ ಮಗುವೊಂದಕ್ಕೆ ₹100. ಹೊಸ ಪದ್ಧತಿಗೆ ಹೋದವರಿಗೆ ಇವು ಯಾವುವೂ ಇಲ್ಲ. ಕಚೇರಿಗೆ ಬಂದ ತಾಯಿಗೆ ಇದನ್ನು ಹೇಳುವುದು ನನಗೆ ಇವತ್ತಿಗೂ ಕಷ್ಟ. ವ್ಯಾಪಾರಿಯೊಬ್ಬ ಆದಾಯ ಗಳಿಸಲು ಅಂಗಡಿಯ ಬಾಡಿಗೆ ಕಟ್ಟಿದರೆ ಅದು ಖರ್ಚೆಂದು ಒಪ್ಪುತ್ತೇವೆ. ತಾಯಿ ಆದಾಯ ಗಳಿಸಲು ಮಗುವನ್ನು ಒಬ್ಬರ ವಶಕ್ಕೆ ಕೊಟ್ಟು ಕಟ್ಟಿದ ಹಣ ಅವಳ ಸ್ವಂತ ವಿಚಾರವಾಗುತ್ತದೆ.

ಸರ್ಕಾರಕ್ಕೆ ಈ ಖರ್ಚಿನ ಅರಿವಿಲ್ಲವೆಂದಲ್ಲ. ತನ್ನ ನೌಕರರ ವಿಷಯ ಬಂದಾಗ ಅದಕ್ಕೆ ಚೆನ್ನಾಗಿ ಗೊತ್ತಿದೆ. ಕೇಂದ್ರ ಸರ್ಕಾರದ ಮಹಿಳಾ ನೌಕರರಿಗೆ ಇಡೀ ಸೇವಾವಧಿಯಲ್ಲಿ 730 ದಿನಗಳ ಶಿಶುಪಾಲನಾ ರಜೆ ಇದೆ. ಅವರಲ್ಲಿ ಅಂಗವಿಕಲ ತಾಯಂದಿರಿಗೆ ಮಗು ಹುಟ್ಟಿದ ದಿನದಿಂದ ಎರಡು ವರ್ಷದವರೆಗೆ ಮಗುವಿನ ಆರೈಕೆಗೆಂದೇ ತಿಂಗಳ ಭತ್ಯೆ ಇದೆ. ಏಳನೇ ವೇತನ ಆಯೋಗದ ಬಳಿಕ ಅದು ₹3,000 ಆಯಿತು, ತುಟ್ಟಿಭತ್ಯೆ ಶೇ 50 ಮುಟ್ಟಿದ ಮೇಲೆ ಕಾಲು ಭಾಗ ಹೆಚ್ಚಿತು. ಕರ್ನಾಟಕವೂ 2021ರಲ್ಲಿ ತನ್ನ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ಇವೆಲ್ಲ ಒಳ್ಳೆಯ ಏರ್ಪಾಡುಗಳು, ಒಂದನ್ನೂ ಕಿತ್ತುಕೊಳ್ಳಬಾರದು. ಎರಡು ವರ್ಷದ ಮಗುವಿನ ತಾಯಿಗೆ ತಿಂಗಳಿಗೊಂದು ಮೊತ್ತ ಬೇಕಾಗುತ್ತದೆ ಎಂದು ಒಂದು ಕಡೆ ಬರೆದಿಟ್ಟ ಸರ್ಕಾರ ಉಳಿದವರ ವಿಷಯದಲ್ಲಿ ಯಾಕೆ ಸುಮ್ಮನಿದೆ ಎಂಬುದಷ್ಟೇ ನನ್ನ ಪ್ರಶ್ನೆ.

ಉಳಿದವರಿಗೆ ಕಾನೂನು ಮಾಡಿರುವ ಏರ್ಪಾಡು ಹಣದ್ದಲ್ಲ, ಜಾಗದ್ದು. ಆ ಜಾಗ ಕೆಲಸದ ಸ್ಥಳಕ್ಕೆ ಅಂಟಿಕೊಂಡಿದೆ. 1948ರ ಕಾರ್ಖಾನೆಗಳ ಕಾಯಿದೆ ಮೊದಲು ಐವತ್ತಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಶಿಶುಪಾಲನಾ ಕೊಠಡಿ ಇರಬೇಕೆಂದು ಹೇಳಿತು. 1976ರಲ್ಲಿ ಆ ಸಂಖ್ಯೆಯನ್ನು ಮೂವತ್ತಕ್ಕೆ ಇಳಿಸಿದರು. 2017ರ ಹೆರಿಗೆ ಸೌಲಭ್ಯ ತಿದ್ದುಪಡಿ ಗಂಡು ಹೆಣ್ಣು ಸೇರಿ ಐವತ್ತು ಉದ್ಯೋಗಿಗಳಿರುವ ಸಂಸ್ಥೆಗಳಿಗೂ ಈ ಹೊಣೆ ಹೊರಿಸಿತು. ತಾಯಿ ದಿನಕ್ಕೆ ನಾಲ್ಕು ಬಾರಿ ಹೋಗಿ ಮಗುವನ್ನು ನೋಡಿ ಬರಬಹುದು ಎಂದಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯೂ ಐವತ್ತು ಎಂಬ ಸಂಖ್ಯೆಯನ್ನೇ ಇಟ್ಟುಕೊಂಡು, ಹಲವು ಸಂಸ್ಥೆಗಳು ಸೇರಿ ಒಂದು ಕೇಂದ್ರ ನಡೆಸಲು ಅವಕಾಶ ಕೊಟ್ಟಿದೆ. ಅಂದರೆ ಒಂದು ಕೂಸಿಗೆ ತೊಟ್ಟಿಲು ಸಿಗುವುದೋ ಇಲ್ಲವೋ ಎಂಬುದು ಅದರ ಅಮ್ಮನ ಜೊತೆ ಎಷ್ಟು ಜನ ಹಾಜರಿ ಹಾಕುತ್ತಾರೆ ಎಂಬುದರ ಮೇಲೆ ನಿಂತಿದೆ. ನನ್ನ ಕಚೇರಿ, ಪಕ್ಕದ ಬಟ್ಟೆ ಅಂಗಡಿ, ಎದುರಿನ ಬ್ಯೂಟಿ ಪಾರ್ಲರ್, ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು, ಯಾರೂ ಇದರೊಳಗೆ ಬರುವುದಿಲ್ಲ.

ಒಳಗೆ ಬಂದವರ ಕಥೆಯನ್ನೂ ಹೇಳಬೇಕು. ನಮ್ಮ ಬೀದಿಯ ಕೊನೆಯ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಗಾರ್ಮೆಂಟ್ಸ್‌ನಲ್ಲಿ ಟೈಲರ್. ಅವಳ ಕಾರ್ಖಾನೆಯಲ್ಲಿ ನೂರಾರು ಹೆಂಗಸರಿದ್ದಾರೆ, ಶಿಶುಪಾಲನಾ ಕೊಠಡಿಯೂ ಇದೆ. ಆದರೂ ಅವಳ ಮಗಳು ಇರುವುದು ಮಳವಳ್ಳಿ ಕಡೆಯ ಹಳ್ಳಿಯಲ್ಲಿ, ಅಜ್ಜಿಯ ಜೊತೆ. ಯಾಕೆ ಎಂದು ಕೇಳಿದ್ದಕ್ಕೆ ಅವಳು ಹೇಳಿದಳು: "ಅಕ್ಕ, ಬೆಳಿಗ್ಗೆ ಟೆಂಪೊದಲ್ಲಿ ನಿಂತುಕೊಂಡು ಹೋಗುತ್ತೇವೆ. ಕೈ ಆಡಿಸಲು ಜಾಗವಿರುವುದಿಲ್ಲ. ಮಗುವನ್ನು ಎತ್ತಿಕೊಂಡು ಅದರಲ್ಲಿ ಹತ್ತುವುದು ಹೇಗೆ? ಓಟಿ ಮಾಡಿ ಎಂದರೆ ಸಂಜೆ ಕೊಠಡಿ ಮುಚ್ಚಿರುತ್ತದೆ." ಕಾನೂನು ಬರೆದವರು ಕಾರ್ಖಾನೆಯ ಗೇಟಿನ ಒಳಗಿನ ಜಾಗವನ್ನು ಯೋಚಿಸಿದರು, ಮನೆಯಿಂದ ಗೇಟಿನವರೆಗಿನ ದಾರಿಯನ್ನು ಯೋಚಿಸಲಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದು ಬಸ್ ಪ್ರಯಾಣ ಉಚಿತವಾದ ಮೇಲೆ ಅವಳು ಮಗಳನ್ನು ನೋಡಲು ಮೊದಲಿಗಿಂತ ಹೆಚ್ಚು ಸಲ ಹೋಗಿಬರುತ್ತಿದ್ದಾಳೆ. ಸರ್ಕಾರದ ಕಡತದಲ್ಲಿ ಅದು ಸಾರಿಗೆಯ ಖರ್ಚು. ಅವಳ ಬದುಕಿನಲ್ಲಿ ಅದು ಮಗುವಿನ ಬಾಬತ್ತು.

ಗಾರ್ಮೆಂಟ್ಸ್ ಹೆಣ್ಣುಮಕ್ಕಳ ಭವಿಷ್ಯನಿಧಿಯ ವಿಷಯವನ್ನು ಇಲ್ಲಿ ಬಿಡುವಂತಿಲ್ಲ. 2016ರ ಏಪ್ರಿಲ್‌ನಲ್ಲಿ ಸಾವಿರಾರು ಹೆಂಗಸರು ಕೆಲಸ ಬಿಟ್ಟು ಬೆಂಗಳೂರಿನ ಹೊಸೂರು ರಸ್ತೆಗೆ ಇಳಿದಿದ್ದು ಹಲವರಿಗೆ ನೆನಪಿರಬಹುದು. ಪಿಎಫ್‌ನಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ ಎದ್ದ ಪ್ರತಿಭಟನೆ ಅದು. ಎರಡೇ ದಿನದಲ್ಲಿ ಕೇಂದ್ರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ನಿವೃತ್ತಿಯ ಹಣವನ್ನು ಈಗಲೇ ಯಾಕೆ ಕೇಳುತ್ತಾರೆ ಎಂದು ಆಗ ಟಿವಿಯಲ್ಲಿ ಕೇಳಿದವರಿದ್ದರು. ಹೆರಿಗೆಯಾದ ಮೇಲೆ ಕೆಲಸ ಬಿಟ್ಟು, ಪಿಎಫ್ ತೆಗೆದು, ಆ ಹಣದಲ್ಲಿ ಮಗುವಿನ ಮೊದಲ ವರ್ಷಗಳನ್ನು ದಾಟಿಸಿ, ಮತ್ತೆ ಬೇರೊಂದು ಕಾರ್ಖಾನೆಯಲ್ಲಿ ಹೊಸದಾಗಿ ಸೇರುವುದು ಈ ಹೆಣ್ಣುಮಕ್ಕಳಲ್ಲಿ ಅನೇಕರ ದಾರಿ. ಅವರು ತಮ್ಮ ಮುಪ್ಪಿನ ಹಣದಿಂದ ಮಗುವನ್ನು ಸಾಕುತ್ತಾರೆ. ಇದನ್ನು ತಿಳಿಯದೆ ಮಾಡುವ ಯಾವ ನಿಯಮವೂ ಅವರ ಮೇಲೆ ಬೀಳುವ ಹೊರೆಯಾಗುತ್ತದೆ.

ಕಟ್ಟಡ ಕಾರ್ಮಿಕರ ಸ್ಥಿತಿ ಸ್ವಲ್ಪ ಬೇರೆ. ಕಟ್ಟಡದ ವೆಚ್ಚದ ಮೇಲೆ ಶೇ 1ರಷ್ಟು ಸೆಸ್ ಸಂಗ್ರಹಿಸಿ ನಡೆಯುವ ಕಲ್ಯಾಣ ಮಂಡಳಿ ಅವರಿಗಿದೆ. ನೋಂದಾಯಿತ ಮಹಿಳಾ ಕಾರ್ಮಿಕರಿಗೆ ‘ತಾಯಿ ಮಗು ಸಹಾಯ ಹಸ್ತ’ ಎಂಬ ಹೆಸರಿನಲ್ಲಿ ಮಗುವಿಗೆ ಮೂರು ವರ್ಷ ತುಂಬುವವರೆಗೆ ವರ್ಷಕ್ಕೆ ₹6,000 ಸಹಾಯಧನವಿದೆ. ನಾನು ಮೊದಲು ಹೇಳಿದ ಆ ಎರಡೂವರೆ ವರ್ಷವನ್ನು ಗುರುತಿಸಿ ಹಣ ಕೊಡುವ ಅಪರೂಪದ ಯೋಜನೆ ಇದು. ತಿಂಗಳಿಗೆ ₹500. ಮೊತ್ತ ಸಣ್ಣದು, ಆದರೆ ಹಣ ತಾಯಿಯ ಹೆಸರಿಗೆ ಬರುತ್ತದೆ, ಸರಿಯಾದ ವಯಸ್ಸಿಗೆ ಬರುತ್ತದೆ. ಮೊತ್ತವನ್ನು ಹೆಚ್ಚಿಸಬಹುದು. ಇದೇ ಮಾದರಿಯನ್ನು ಮನೆಗೆಲಸದವರಿಗೂ ಬೀಡಿ ಕಟ್ಟುವವರಿಗೂ ವಿಸ್ತರಿಸಬಹುದು ಎಂದು ನನಗೆ ಬಲವಾಗಿ ಅನಿಸುತ್ತದೆ.

ಈಗ ಅಜ್ಜಿಯ ಮಾತಿಗೆ ಬರುತ್ತೇನೆ. ಕರ್ನಾಟಕದಲ್ಲಿ ಶಿಶುಪಾಲನೆಗೆ ಅತಿ ಹೆಚ್ಚು ಸಹಾಯಧನ ಕೊಡುತ್ತಿರುವವರು ಯಾರು ಎಂದು ಕೇಳಿದರೆ ನಾನು ಯಾವ ಇಲಾಖೆಯ ಹೆಸರನ್ನೂ ಹೇಳುವುದಿಲ್ಲ. ಮಗ ಸೊಸೆ ದುಡಿಯಲು ಹೋದ ಮೇಲೆ ಮೊಮ್ಮಗುವಿಗೆ ರಾಗಿ ಸರಿ ತಿರುವಿ, ಸೊಂಟದ ಮೇಲೆ ಕೂರಿಸಿಕೊಂಡು ಬೀದಿ ಸುತ್ತಿಸಿ, ಮಲಗಿಸುವ ಹೆಂಗಸರ ಹೆಸರು ಹೇಳುತ್ತೇನೆ. ನಮ್ಮ ಡೇ ಕೇರ್ ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದಂತೆ ಮುಚ್ಚಿದಾಗ ನನ್ನ ಅತ್ತೆ ತುಮಕೂರು ಜಿಲ್ಲೆಯ ತಮ್ಮ ಊರಿನಿಂದ ಬಂದರು. ಮಾವನಿಗೆ ಅಡುಗೆ ಮಾಡಿಕೊಳ್ಳಲು ಬಾರದು. ಎರಡು ಹಸುಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದರು, ಡೈರಿಗೆ ಹಾಕುತ್ತಿದ್ದ ಹಾಲಿನ ಹಣ ಅಷ್ಟು ತಿಂಗಳು ಅವರ ಕೈಗೆ ಬರಲಿಲ್ಲ. ಅವರ ಮಂಡಿ ನೋವು ನಮ್ಮ ಮೂರನೇ ಮಹಡಿಯ ಮೆಟ್ಟಿಲುಗಳಿಂದ ಹೆಚ್ಚಾಯಿತು. ನಮಗೆ ಉಳಿದ ಡೇ ಕೇರ್ ಶುಲ್ಕ ಅವರ ಹಾಲಿನ ಹಣದಲ್ಲಿ, ಅವರ ಮಂಡಿಯಲ್ಲಿ ಸಂದಾಯವಾಗುತ್ತಿತ್ತು. "ನನ್ನ ಮೊಮ್ಮಗ, ನಾನು ನೋಡಿಕೊಳ್ಳದೆ ಇನ್ನಾರು ನೋಡಿಕೊಳ್ಳಬೇಕಮ್ಮ" ಎನ್ನುತ್ತಿದ್ದರು. ಅದು ಪ್ರೀತಿಯ ಮಾತು. ಆ ಪ್ರೀತಿಯನ್ನು ನಂಬಿಕೊಂಡು ಒಂದು ರಾಜ್ಯದ ಇಡೀ ಕಾರ್ಮಿಕ ವ್ಯವಸ್ಥೆ ನಡೆಯುತ್ತಿರುವುದು ಮಾತ್ರ ಸರಿಯಲ್ಲ.

2023ರ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕ ಗೃಹಲಕ್ಷ್ಮಿ ಯೋಜನೆಯ ₹2,000 ಪಡಿತರ ಚೀಟಿಯಲ್ಲಿ ಯಜಮಾನಿಯೆಂದು ನಮೂದಾದವರಿಗೆ ಸಲ್ಲುತ್ತದೆ. ಕೂಡು ಕುಟುಂಬಗಳಲ್ಲಿ ಅದು ಸಾಮಾನ್ಯವಾಗಿ ಅತ್ತೆ. ಹಣ ಸೊಸೆಗೆ ಹೋಗಬೇಕಿತ್ತೇ, ಅತ್ತೆಗೆ ಹೋಗಬೇಕಿತ್ತೇ ಎಂದು ಆಗ ಮನೆಮನೆಯಲ್ಲಿ ಚರ್ಚೆ ನಡೆದಿತ್ತು. ನನ್ನ ಅತ್ತೆಯ ಊರಿನಲ್ಲಿ ನಾನು ಕಂಡದ್ದನ್ನು ಹೇಳುವುದಾದರೆ, ಆ ಹಣ ಮೊದಲ ಬಾರಿಗೆ ಮೊಮ್ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿನ ಕೈಗೆ ನೇರವಾಗಿ ಬಂದ ಹಣವಾಗಿತ್ತು. ಯೋಜನೆಯ ಉದ್ದೇಶ ಅದಾಗಿರಲಿಲ್ಲ. ಆದರೂ ಬಿಸ್ಕತ್ತು, ಹಾಲು, ಕೆಮ್ಮಿನ ಔಷಧಿ, ಮಗುವಿಗೊಂದು ಜೊತೆ ಚಪ್ಪಲಿ ಮಗನ ಮುಂದೆ ಕೈಯೊಡ್ಡದೆ ಬರತೊಡಗಿದವು. ಆದಾಯ ತೆರಿಗೆ ಕಟ್ಟುವವರ ಮನೆಗೆ ಇದು ಸಲ್ಲುವುದಿಲ್ಲ, ಅದು ನ್ಯಾಯವೇ. ಮೊಮ್ಮಗುವನ್ನು ನೋಡಿಕೊಳ್ಳುವುದೂ ದುಡಿಮೆ ಎಂದು ಯಾವುದಾದರೂ ಸರ್ಕಾರ ಮುಂದೊಂದು ದಿನ ಬರೆದುಕೊಂಡರೆ, ಹಣ ಮುಟ್ಟಿಸುವ ದಾರಿ ಆಗಲೇ ಸಿದ್ಧವಾಗಿದೆ.

ಇಂಗ್ಲೆಂಡಿನಲ್ಲಿರುವ ನನ್ನ ಚಿಕ್ಕಮ್ಮನ ಮಗಳ ವಿಷಯವನ್ನೂ ಇಲ್ಲೇ ಸೇರಿಸುತ್ತೇನೆ. ಅಲ್ಲಿ ದುಡಿಯುವ ತಂದೆತಾಯಂದಿರು ಶಿಶುಪಾಲನೆಗೆಂದು ಸರ್ಕಾರದ ಖಾತೆಯಲ್ಲಿ 8 ಪೌಂಡ್ ಹಾಕಿದರೆ ಸರ್ಕಾರ 2 ಪೌಂಡ್ ಸೇರಿಸುತ್ತದೆ, ಮಗುವೊಂದಕ್ಕೆ ವರ್ಷಕ್ಕೆ 2,000 ಪೌಂಡ್‌ವರೆಗೆ. 2025ರ ಸೆಪ್ಟೆಂಬರ್‌ನಿಂದ ಒಂಬತ್ತು ತಿಂಗಳ ಮಗುವಿನಿಂದಲೇ ಶಾಲಾ ವಾರಗಳಲ್ಲಿ ವಾರಕ್ಕೆ 30 ಗಂಟೆಗಳ ಪಾಲನೆಯ ವೆಚ್ಚವನ್ನೂ ಭರಿಸುತ್ತದೆ. ಕೇಳಲು ಸ್ವರ್ಗ. ಆದರೆ ಗಂಡಹೆಂಡಿರಿಬ್ಬರೂ ಕೆಲಸದ ವೀಸಾದ ಮೇಲಿದ್ದು, ಸಾರ್ವಜನಿಕ ನಿಧಿಯ ನೆರವಿಗೆ ಅನುಮತಿ ಇಲ್ಲ ಎಂಬ ಷರತ್ತು ಇಬ್ಬರಿಗೂ ಇದ್ದರೆ ಈ ಎರಡೂ ಸಿಗುವುದಿಲ್ಲ. ಅವರೂ ತೆರಿಗೆ ಕಟ್ಟುತ್ತಾರೆ, ನರ್ಸರಿಗೆ ಪೂರ್ತಿ ಶುಲ್ಕವನ್ನೂ ಕಟ್ಟುತ್ತಾರೆ. ಹಾಗಾಗಿ ಶಿವಮೊಗ್ಗದಿಂದ ಚಿಕ್ಕಮ್ಮ ಪ್ರವಾಸಿ ವೀಸಾದಲ್ಲಿ ಆರು ತಿಂಗಳ ಮಟ್ಟಿಗೆ ಹೋದರು. ಅವರು ಮರಳಿದ ಮೇಲೆ ಅಳಿಯನ ಕಡೆಯ ಬೀಗಿತ್ತಿ ಹೊರಟರು. ಅಷ್ಟು ದೂರದ ದೇಶದಲ್ಲೂ ಕೊನೆಗೆ ಕೈ ಹಿಡಿದದ್ದು ನಮ್ಮ ಕಡೆಯ ಅಜ್ಜಿಯರೇ.

ಹಾಗಾದರೆ ಹಣ ಕೊಡಬೇಕೇ, ಜಾಗ ಕೊಡಬೇಕೇ? ನಾನು ಬಹಳ ದಿನ ಹಣವೇ ಮೇಲು ಎಂದುಕೊಂಡಿದ್ದೆ, ಲೆಕ್ಕದ ಕಚೇರಿಯವಳಲ್ಲವೇ. ತಾಯಿಗೆ ಹಣ ಕೊಟ್ಟರೆ ಅವಳೇ ಆರಿಸಿಕೊಳ್ಳುತ್ತಾಳೆ. ಆ ಅಭಿಪ್ರಾಯವನ್ನು ಬದಲಿಸಿದ್ದು ಅತ್ತೆಯ ಊರಿನ ಹತ್ತಿರದ ‘ಕೂಸಿನ ಮನೆ’ ಎಂಬ ಶಿಶುಪಾಲನಾ ಕೇಂದ್ರ. ಆರಿಸಿಕೊಳ್ಳಲು ಊರಿನಲ್ಲಿ ಒಂದಾದರೂ ಇರಬೇಕಲ್ಲ. 2023ರ ಜುಲೈ ಬಜೆಟ್‌ನಲ್ಲಿ ಗ್ರಾಮ ಪಂಚಾಯಿತಿಗಳಲ್ಲಿ 4,000 ಕೂಸಿನ ಮನೆಗಳನ್ನು ತೆರೆಯುವುದಾಗಿ ರಾಜ್ಯ ಸರ್ಕಾರ ಘೋಷಿಸಿತು. ಉದ್ಯೋಗ ಖಾತರಿಯಲ್ಲಿ ಕೆಲಸಕ್ಕೆ ಹೋಗುವ ಹೆಂಗಸರ ಪುಟ್ಟ ಮಕ್ಕಳಿಗಾಗಿ ಇರುವ ಜಾಗ ಅದು. 2005ರ ಉದ್ಯೋಗ ಖಾತರಿ ಕಾಯಿದೆಯಲ್ಲೇ, ಕೆಲಸದ ಸ್ಥಳದಲ್ಲಿ ಆರು ವರ್ಷದೊಳಗಿನ ಐದು ಅಥವಾ ಹೆಚ್ಚು ಮಕ್ಕಳಿದ್ದರೆ ಒಬ್ಬ ಹೆಂಗಸನ್ನು ಅವರನ್ನು ನೋಡಿಕೊಳ್ಳಲು ನೇಮಿಸಿ ಕೂಲಿ ಕೊಡಬೇಕೆಂದು ಬರೆದಿತ್ತು. ಕೆರೆ ಹೂಳೆತ್ತುವ ಜಾಗದಲ್ಲಿ ಹೊಂಗೆ ಮರಕ್ಕೆ ಸೀರೆಯ ಜೋಲಿ ಕಟ್ಟಿ ಮಗುವನ್ನು ಮಲಗಿಸುವುದನ್ನು ನಾನು ಕಂಡಿದ್ದೇನೆ. ಅದಕ್ಕೆ ಗೋಡೆ, ಸೂರು, ಬಾಗಿಲು ಬಂದದ್ದು ಕೂಸಿನ ಮನೆಯಿಂದ.

ನಾನು ನೋಡಿದ್ದು ಹಳೆಯ ಸರ್ಕಾರಿ ಶಾಲೆಯ ಒಂದು ಕೊಠಡಿ. ಗೋಡೆಯ ಮೇಲೆ ಆನೆ, ನವಿಲು, ಅಕ್ಷರಗಳು. ನೆಲಕ್ಕೆ ಚಾಪೆ, ಮೂಲೆಯಲ್ಲಿ ಆಟದ ಸಾಮಾನು. ಅಲ್ಲಿದ್ದ ಆರೈಕೆಯ ಹೆಂಗಸು ಮಗುವೊಂದಕ್ಕೆ ಊಟ ಮಾಡಿಸುತ್ತಾ ಮಾತಾಡಿದಳು. ಅವಳದ್ದೂ ಜಾಬ್ ಕಾರ್ಡ್ ಇರುವ ಕುಟುಂಬವೇ, ತರಬೇತಿ ಪಡೆದಿದ್ದಾಳೆ, ಖಾತರಿಯ ಕೂಲಿಯೇ ಅವಳ ಸಂಬಳ. 2025-26ರಲ್ಲಿ ಕರ್ನಾಟಕದಲ್ಲಿ ಅದು ದಿನಕ್ಕೆ ₹370. ಕುಟುಂಬವೊಂದಕ್ಕೆ ವರ್ಷಕ್ಕೆ ನೂರು ದಿನ ಎಂಬ ಆಗಿನ ಮಿತಿ ಅವಳಿಗೂ ಅನ್ವಯಿಸುತ್ತಿದ್ದುದರಿಂದ ಅವಳ ನೂರು ದಿನ ಮುಗಿದ ಮೇಲೆ ಇನ್ನೊಬ್ಬಳು ಬರಬೇಕಿತ್ತು. "ಈ ಮಗು ನನ್ನ ಹತ್ತಿರ ಮಾತ್ರ ಉಣ್ಣುತ್ತದೆ, ಮುಂದಿನ ತಿಂಗಳು ಏನು ಮಾಡುತ್ತದೋ" ಎಂದಳು. ಎರಡು ವರ್ಷದ ಮಗುವಿಗೆ ಬೇಕಾದ್ದು ಪರಿಚಿತ ಮುಖ. ರಸ್ತೆಗೆ ಮಣ್ಣು ಹೊರುವ ಕೆಲಸದಲ್ಲಿ ಆಳು ಬದಲಾದರೆ ರಸ್ತೆಗೆ ಏನೂ ಆಗುವುದಿಲ್ಲ, ಇಲ್ಲಿ ಆಗುತ್ತದೆ. ಕೂಸಿನ ಮನೆಯಲ್ಲಿ ದುಡಿಯುವವರನ್ನು ಆ ದಿನಗಳ ಮಿತಿಯಿಂದ ಹೊರಗಿಟ್ಟು, ಕುಶಲ ಕೆಲಸವೆಂದು ಒಪ್ಪಿ, ತಿಂಗಳ ಸಂಬಳ ಕೊಡಬೇಕು. ಇಡೀ ಯೋಜನೆಯಲ್ಲಿ ನನಗೆ ಎಲ್ಲಕ್ಕಿಂತ ತುರ್ತಾಗಿ ಕಾಣುವ ತಿದ್ದುಪಡಿ ಇದೊಂದೇ.

ಪಟ್ಟಣಗಳಿಗೂ ಇಂಥದ್ದೊಂದು ಇತ್ತು. 2006ರಲ್ಲಿ ಆರಂಭವಾದ ರಾಷ್ಟ್ರೀಯ ಶಿಶುಪಾಲನಾ ಕೇಂದ್ರ ಯೋಜನೆಯಲ್ಲಿ ಬಡತನ ರೇಖೆಗಿಂತ ಕೆಳಗಿನ ಮನೆಯ ಮಗುವಿಗೆ ತಿಂಗಳಿಗೆ ₹20, ತಂದೆತಾಯಿಯ ಆದಾಯ ₹12,000ದವರೆಗೆ ಇದ್ದರೆ ₹100, ಅದಕ್ಕೂ ಮೇಲಿದ್ದರೆ ₹200 ಶುಲ್ಕ ನಿಗದಿಯಾಗಿತ್ತು. ಕೈಲಾದಷ್ಟು ಕೊಡಿ ಎಂಬ ಆ ಏರ್ಪಾಡಿನಲ್ಲಿ ಗೌರವವಿತ್ತು. ದೇಶದಾದ್ಯಂತ ಇಪ್ಪತ್ತು ಸಾವಿರ ದಾಟಿದ್ದ ಈ ಕೇಂದ್ರಗಳು, 2017ರಲ್ಲಿ ಕೇಂದ್ರದ ಪಾಲು ಶೇ 90ರಿಂದ ಶೇ 60ಕ್ಕೆ ಇಳಿದ ಮೇಲೆ ಹತ್ತು ಸಾವಿರಕ್ಕಿಂತ ಕೆಳಗೆ ಕುಸಿದವು. 2022ರಿಂದ ಅದೇ ಯೋಜನೆ ಪಾಲನಾ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಅಂಗನವಾಡಿಗಳಲ್ಲೇ ಶಿಶುಪಾಲನಾ ಕೇಂದ್ರ ತೆರೆದು, ಆರು ತಿಂಗಳಿಂದ ಆರು ವರ್ಷದವರೆಗಿನ ಮಕ್ಕಳನ್ನು ದಿನಕ್ಕೆ ಏಳೂವರೆ ಗಂಟೆ, ತಿಂಗಳಿಗೆ 26 ದಿನ ನೋಡಿಕೊಳ್ಳುವುದು ಅದರ ರೂಪ.

1975ರ ಅಕ್ಟೋಬರ್ 2ರಂದು ದೇಶದಲ್ಲಿ ಮೊದಲು ಅಂಗನವಾಡಿಗಳು ಆರಂಭವಾದಾಗ ಆಯ್ದ 33 ಜಾಗಗಳಲ್ಲಿ ನಮ್ಮ ತಿ. ನರಸೀಪುರವೂ ಒಂದು. ಐವತ್ತು ವರ್ಷ ಕಳೆದಿದೆ. ಈಗ ಪ್ರತಿ ವಾರ್ಡಿನಲ್ಲೂ ಪ್ರತಿ ಊರಿನಲ್ಲೂ ಅಂಗನವಾಡಿ ಇದೆ, ಕಾರ್ಯಕರ್ತೆಯರಿದ್ದಾರೆ, ಅವರಿಗೆ ಬೀದಿಯ ಪ್ರತಿ ಮಗುವಿನ ತೂಕವೂ ಗೊತ್ತು. ಇಲ್ಲದಿರುವುದು ಮೂರು ವರ್ಷದೊಳಗಿನವರಿಗೆ ಒಂದು ಕೋಣೆ, ಇನ್ನಿಬ್ಬರು ಸಂಬಳದ ಕೈಗಳು, ಸಂಜೆ ಏಳರವರೆಗೆ ತೆರೆದ ಬಾಗಿಲು. ಏಳೂವರೆ ಗಂಟೆ ಸಾಲದು. ಎಂಟು ಗಂಟೆ ದುಡಿದು ಎರಡು ಗಂಟೆ ಬಸ್ಸಿನಲ್ಲಿ ಕಳೆಯುವ ಹೆಂಗಸಿಗೆ ಅದು ಅರ್ಧ ದಾರಿಯ ಸಹಾಯ. ಈಗಿರುವ ಕಾರ್ಯಕರ್ತೆಯರ ಹೆಗಲಿಗೇ ಇದನ್ನೂ ಹೊರಿಸುವುದು ಅನ್ಯಾಯ, ಅವರ ಗೌರವಧನದ ಹೋರಾಟವನ್ನು ಫ್ರೀಡಂ ಪಾರ್ಕಿನಲ್ಲಿ ನಾವೆಲ್ಲ ನೋಡಿದ್ದೇವೆ.

ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಿಂದ ಚುನಾಯಿತ ಕಾರ್ಪೊರೇಟರ್‌ಗಳಿಲ್ಲದೆ ವರ್ಷಗಳು ಉರುಳಿದವು, ಪಾಲಿಕೆ ಒಡೆದು ಐದಾಯಿತು. ಮತ ಕೇಳಲು ಬಂದವರ ಮುಂದೆ ನಾನು ಇಡುವ ಬೇಡಿಕೆಯನ್ನು ಈಗಲೇ ಬರೆದಿಟ್ಟುಕೊಂಡಿದ್ದೇನೆ, ಬೀದಿಯ ಕೊನೆಯ ಮನೆಯ ಹುಡುಗಿಯೂ ಸಹಿ ಹಾಕಿದ್ದಾಳೆ. ವಾರ್ಡಿಗೊಂದು ಶಿಶುಪಾಲನಾ ಕೇಂದ್ರ ಬೇಕು. ಅದು ಟೆಂಪೊ ನಿಲ್ಲುವ ಜಾಗದಿಂದ ನಡೆದು ಹೋಗುವಷ್ಟು ಹತ್ತಿರವಿರಬೇಕು. ಬೆಳಿಗ್ಗೆ ಏಳಕ್ಕೆ ತೆರೆದು ಸಂಜೆ ಏಳಕ್ಕೆ ಮುಚ್ಚಬೇಕು. ಶುಲ್ಕ ಮನೆಯ ಆದಾಯಕ್ಕೆ ತಕ್ಕಂತಿರಬೇಕು. ಅಮ್ಮ ಎಲ್ಲಿ ಕೆಲಸ ಮಾಡುತ್ತಾಳೆ, ಅವಳ ಜೊತೆ ಎಷ್ಟು ಜನ ದುಡಿಯುತ್ತಾರೆ ಎಂಬ ಪ್ರಶ್ನೆ ಅರ್ಜಿ ನಮೂನೆಯಲ್ಲಿ ಇರಕೂಡದು.